ಬೀಗದ ಕೈ ಕೈಕೊಟ್ಟಾಗ

ಈ ಸಲ ನಿಮ್ಮ ಜೇಬಿನಲ್ಲೋ ವ್ಯಾನಿಟಿ ಬ್ಯಾಗಿನಲ್ಲೋ ಇರುವ ಒಂದು ಸಣ್ಣ ವಸ್ತುವಿನ ಚರಿತ್ರೆ ಹೇಳೋಣ ಅಂತ ಹೊರಟಿದ್ದೇವೆ. ಒಂದು ನಿಮಿಷ ಹೊರಗೆ ತೆಗೆದು ನೋಡಿ. ಕಾರಿನ ಕೀ. ಹಳೇ ಮೈಸೂರಿನವರಿಗೆ ಅದು ಬೀಗದ ಕೈ, ಧಾರವಾಡದವರಿಗೆ ಕೀಲಿಕೈ. ಎರಡರಲ್ಲೂ ಒಂದು 'ಕೈ' ಇದೆ, ಗಮನಿಸಿದ್ದೀರಾ? ಇನ್ನು ಚೆನ್ನೈಗೆ ಬಂದ ಹೊಸತರಲ್ಲಿ ಮನೆ ಓನರ್ ಬಾಗಿಲಲ್ಲಿ ನಿಂತು 'ಸಾವಿ ಎಂಗೇ?' ಎಂದು ಕೇಳಿದಾಗ ನಮ್ಮಮ್ಮ ಬೆಚ್ಚಿಬಿದ್ದಿದ್ದರು. ಬೆಳಗ್ಗೆ ಬೆಳಗ್ಗೆ ಯಾರ ಸಾವಿನ ವಿಚಾರವಪ್ಪಾ ಇದು ಅಂತ! ಆ 'ಸಾವಿ' ಬಂದದ್ದು ಪೋರ್ಚುಗೀಸರ ಮಾತಿನಿಂದ. ನಮ್ಮ ಕರಾವಳಿಯ 'ಚಾವಿ'ಯೂ ಅದೇ ಮನೆತನದ್ದೇ.

ಈ ನಗರದಲ್ಲಿ ಕಾರಿನ ಕಥೆ ಶುರುವಾಗುವುದು ನಮ್ಮ ಅಡ್ಯಾರಿನಿಂದಲೇ. 1901ರಲ್ಲಿ ಪ್ಯಾರಿ ಕಂಪನಿಯ ನಿರ್ದೇಶಕ ಎ.ಜೆ. ಯಾರ್ಕ್ ಅನ್ನುವವರು ಅಡ್ಯಾರಿನ ಬೆನ್ಸ್ ಗಾರ್ಡನ್ಸ್ ಬಂಗಲೆಯಿಂದ ಜಾರ್ಜ್ ಟೌನಿನ ಪ್ಯಾರಿ ಕಚೇರಿಗೆ ದಿನಾ ಕಾರಿನಲ್ಲಿ ಹೋಗಿಬರುತ್ತಿದ್ದರು. ಮದರಾಸಿನ ಮೊದಲ ಕಾರು ಅದು ಅಂತ ನಗರದ ಚರಿತ್ರೆ ಬರೆದವರು ಹೇಳುತ್ತಾರೆ. ಮುಂದೆ ನೋಂದಣಿ ಆರಂಭವಾದಾಗ ಎಂ.ಸಿ.-1 ಅನ್ನುವ ನಂಬರು ಬಂದರಿನ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರ ಪಾಲಾಯಿತು. ಎಂ.ಸಿ.-3 ಬಂದದ್ದು ನಂಬೆರುಮಾಳ್ ಚೆಟ್ಟಿಯವರ ಕಾರಿಗೆ. ಎಗ್ಮೋರ್ ಮ್ಯೂಸಿಯಂ ಆವರಣದಲ್ಲಿರುವ ಕನ್ನಿಮರಾ ಲೈಬ್ರರಿ ಕಟ್ಟಿದ ಗುತ್ತಿಗೆದಾರರು ಅವರೇ. ಭಾರತೀಯರೊಬ್ಬರ ಹೆಸರಿನಲ್ಲಿ ಈ ಊರಲ್ಲಿ ನೋಂದಣಿಯಾದ ಮೊದಲ ಕಾರು ಅದು.

ಯಾರ್ಕ್ ಸಾಹೇಬರು ಬೆಳಗ್ಗೆ ಹೊರಡುವಾಗ 'ಕೀ ಎಲ್ಲಿಟ್ಟೆ?' ಎಂದು ಮನೆಯೆಲ್ಲಾ ಹುಡುಕಿರಲಾರರು. ಆ ಕಾಲದ ಕಾರು ಸ್ಟಾರ್ಟ್ ಆಗುತ್ತಿದ್ದದ್ದು ಕೀಯಿಂದಲ್ಲ, ನಿಜವಾದ ಕೈಯಿಂದ! ಮುಂದೆ ನಿಂತು, ಕಬ್ಬಿಣದ ಹ್ಯಾಂಡಲ್ ತೂರಿಸಿ, ಬಾವಿಯ ರಾಟೆ ಸುತ್ತಿದ ಹಾಗೆ ಸುತ್ತಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು, ದವಡೆಯೂ ಒಡೆಯುತ್ತಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಈ ಕಷ್ಟ ನಿಧಾನವಾಗಿ ಕಳೆಯಿತು. ಪೂರ್ತಿ ಅಲ್ಲ. ನಮ್ಮ ಅಂಬಾಸಿಡರ್ ಡಿಕ್ಕಿಯಲ್ಲಿ ಆ ಹ್ಯಾಂಡಲ್ ಎಷ್ಟೋ ದಶಕ ಮಲಗಿತ್ತು. ಬ್ಯಾಟರಿ ಇಳಿದ ದಿನ ಡ್ರೈವರ್ ಪಂಚೆ ಎತ್ತಿಕಟ್ಟಿ ಅದನ್ನು ತಿರುಗಿಸುವುದನ್ನು ನಿಮ್ಮಲ್ಲಿ ಐವತ್ತು ದಾಟಿದವರು ನೋಡೇ ಇರುತ್ತೀರಿ.

ಹಾಗಾದರೆ ಕೀ ಬಂದದ್ದು ಯಾವಾಗ? ಮೊದಮೊದಲು ಅದು ಕೇವಲ ಸ್ವಿಚ್ಚು. ಇಗ್ನಿಷನ್‌ಗೆ ಕರೆಂಟ್ ಕೊಡುವುದು, ತೆಗೆಯುವುದು, ಅಷ್ಟೇ ಅದರ ಕೆಲಸ. ಅದರಲ್ಲಿ ಭದ್ರತೆ ಎಷ್ಟಿತ್ತು ಅಂತೀರಾ? ಫೋರ್ಡ್ ಮಾಡೆಲ್ ಟಿ ಒಂದೂವರೆ ಕೋಟಿ ಕಾರು ತಯಾರಾಯಿತಲ್ಲ, ಅದರ ಇಗ್ನಿಷನ್ ಕೀಗಳಲ್ಲಿ ಇದ್ದದ್ದು 24 ನಮೂನೆ. 51ರಿಂದ 74ರವರೆಗೆ ನಂಬರು ಹೊಡೆದಿರುತ್ತಿದ್ದರು. ಒಂದು ಗೊಂಚಲು ಕೈಯಲ್ಲಿದ್ದರೆ ಊರ ಫೋರ್ಡುಗಳೆಲ್ಲಾ ನಿಮ್ಮವೇ! ಕೀ ತಿರುಗಿಸಿದೊಡನೆ ಎಂಜಿನ್ನೂ ಹೊತ್ತಿಕೊಳ್ಳುವ ಈಗಿನ ಕ್ರಮವನ್ನು ಕ್ರೈಸ್ಲರ್ ಕಂಪನಿ ತಂದದ್ದು 1949ರಲ್ಲಿ.

ನಮ್ಮ ದೇಶದಲ್ಲಿ ಅತಿ ಪ್ರಸಿದ್ಧವಾದ ಕಾರ್ ಕೀ ಯಾವುದು ಅಂದರೆ, 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಹರ್ಪಾಲ್ ಸಿಂಗ್ ಅವರ ಕೈಗಿಟ್ಟ ಮೊದಲ ಮಾರುತಿ 800ರ ಕೀ. ಆ ಫೋಟೋ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಅಲ್ಲಿಂದ ಮುಂದೆ ಮಧ್ಯಮ ವರ್ಗದ ಮನೆಗಳಲ್ಲಿ, ದೇವರ ಕೋಣೆಯ ಪಕ್ಕದ ಮೊಳೆಯಲ್ಲಿ, ಒಂದು ಕಾರಿನ ಕೀ ನೇತಾಡತೊಡಗಿತು.

ಆ ಕಾಲದ ಕೀಯ ರೋಗಗಳು ಸರಳ. ಕಾರಿನ ಬೀಗದೊಳಗೆ ತೆಳ್ಳನೆಯ ಹಿತ್ತಾಳೆ ಬಿಲ್ಲೆಗಳ ಸಾಲು ಇರುತ್ತದೆ. ಕೀಯ ಹಲ್ಲುಗಳು ಒಂದೊಂದು ಬಿಲ್ಲೆಯನ್ನೂ ಸರಿಯಾದ ಎತ್ತರಕ್ಕೆ ತಂದಾಗ ಮಾತ್ರ ಬೀಗ ತಿರುಗುತ್ತದೆ. ಹತ್ತು ವರ್ಷ ತಿರುಗಿಸಿದರೆ ಹಲ್ಲೂ ಸವೆಯುತ್ತದೆ, ಬಿಲ್ಲೆಯೂ ಸವೆಯುತ್ತದೆ. ಸ್ವಲ್ಪ ಅಲ್ಲಾಡಿಸಿದರೆ ತೆಗೆಯುತ್ತದೆ, ಆಮೇಲೆ ಜಾಸ್ತಿ ಅಲ್ಲಾಡಿಸಬೇಕಾಗುತ್ತದೆ, ಒಂದು ದಿನ ತಿರುಗುವುದೇ ಇಲ್ಲ. ಒಬ್ಬರ ಕೀಗೆ ಇನ್ನೊಬ್ಬರ ಕಾರು ತೆರೆದುಕೊಂಡಿತು ಅಂತ ಹಳಬರು ನಗುತ್ತಾ ಹೇಳುವ ಕಥೆಗಳ ಗುಟ್ಟೂ ಈ ಸವೆತವೇ.

ಇಲ್ಲಿ ನಾವೆಲ್ಲಾ ಮಾಡುವ ತಪ್ಪು ಒಂದಿದೆ. ಸವೆದ ಕೀಯನ್ನೇ ರಸ್ತೆ ಬದಿಯವನಿಗೆ ಕೊಟ್ಟು 'ಇದೇ ಥರ ಇನ್ನೊಂದು ಮಾಡಪ್ಪಾ' ಅನ್ನುತ್ತೇವೆ. ಅವನ ಮೆಷಿನ್ ಸವೆತವನ್ನೂ ಸೇರಿಸಿ ನಿಷ್ಠೆಯಿಂದ ನಕಲು ಮಾಡಿಕೊಡುತ್ತದೆ! ಕಾರು ಕೊಂಡ ದಿನ ಕೀಗಳ ಜೊತೆ ನಂಬರಿರುವ ಒಂದು ಪುಟ್ಟ ತಗಡು ಅಥವಾ ಪ್ಲಾಸ್ಟಿಕ್ ಬಿಲ್ಲೆ ಕೊಟ್ಟಿರುತ್ತಾರಲ್ಲ, ಆ ನಂಬರಿನಿಂದ ಹೊಚ್ಚ ಹೊಸ ಅಳತೆಯ ಕೀ ಕತ್ತರಿಸಬಹುದು. ಅದು ಸಿಗದಿದ್ದರೆ ಬಳಸದೆ ಎತ್ತಿಟ್ಟ ಎರಡನೇ ಕೀಯನ್ನೇ ನಕಲಿಗೆ ಕೊಡಿ. ಕೀ ಒಳಗೇ ಮುರಿದರೆ ಅಂಟು ಹಚ್ಚಿ ಎಳೆಯುವ ಸಾಹಸ ಖಂಡಿತ ಬೇಡ. ಅಂಟು ಒಳಗೆ ಇಳಿದರೆ ಬೀಗವೇ ಹೋಯಿತು. ಬೆಸೆಂಟ್ ನಗರ, ಅಡ್ಯಾರ್ ಕಡೆಯವರಿಗೆ ಇನ್ನೊಂದು ಮಾತು: ಸಮುದ್ರದ ಉಪ್ಪು ಗಾಳಿ ಬಾಗಿಲ ಬೀಗವನ್ನೂ ಬಿಡುವುದಿಲ್ಲ. ಬಿಗಿಯಾಯಿತು ಅಂತ ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳು ಸೇರಿ ಮೇಣವಾಗುತ್ತದೆ. ಗ್ರಾಫೈಟ್ ಪುಡಿ ಸಾಕು.

ಇಷ್ಟು ಕಬ್ಬಿಣ ಹಿತ್ತಾಳೆಯ ಕಾಲದ ಮಾತಾಯಿತು. ನಂತರ ಕೀಗೆ ತಲೆ ಬಂತು. ಅಮೆರಿಕದಲ್ಲಿ ಕಾರ್ವೆಟ್ ಕಾರುಗಳ ಕಳ್ಳತನ ಮಿತಿಮೀರಿದಾಗ ಜನರಲ್ ಮೋಟರ್ಸ್ 1986ರಲ್ಲಿ ಕೀಯ ದಿಂಡಿಗೆ ಒಂದು ಪುಟ್ಟ ರೆಸಿಸ್ಟರ್ ಕೂರಿಸಿತು. ಒಟ್ಟು 15 ಬೆಲೆಗಳು. ಕಾರು ಅದನ್ನು ಅಳೆದು, ಹೊಂದಿದರೆ ಮಾತ್ರ ಹೊರಡುತ್ತಿತ್ತು. ಕಳ್ಳರಿಗೆ 15 ಎಣಿಸಲು ಎಷ್ಟು ಹೊತ್ತು? ತೊಂಬತ್ತರ ದಶಕದಲ್ಲಿ ಬಂತು ನೋಡಿ ಟ್ರಾನ್ಸ್‌ಪಾಂಡರ್ ಚಿಪ್. ಜರ್ಮನಿಯಲ್ಲೂ ಬ್ರಿಟನ್ನಿನಲ್ಲೂ 1998ರಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯವಾಯಿತು. ಚೆನ್ನೈ ಸುತ್ತ ಕಾರಿನ ಕಾರ್ಖಾನೆಗಳು ಎದ್ದ ಕಾಲವೂ ಅದೇ: ಶ್ರೀಪೆರಂಬದೂರು ಕಡೆಯಿಂದ 1998ರಲ್ಲಿ ಸ್ಯಾಂಟ್ರೋ, ಮರೈಮಲೈ ನಗರದಿಂದ 1999ರಲ್ಲಿ ಐಕಾನ್.

ಈ ಚಿಪ್ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಬ್ಯಾಟರಿ ಬೇಡ. ಕೀ ತೂರಿಸುವ ಬಾಯಿಯ ಸುತ್ತ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರ ಕಾಂತಕ್ಷೇತ್ರದಿಂದಲೇ ಶಕ್ತಿ ಪಡೆದು ಚಿಪ್ ತನ್ನ ಗುರುತು ಹೇಳುತ್ತದೆ. ಹೇಳದಿದ್ದರೆ ಎಂಜಿನ್ ಹೊತ್ತುವುದಿಲ್ಲ, ಇಲ್ಲವೇ ಎರಡು ಕ್ಷಣ ಹೊತ್ತಿ ಆರುತ್ತದೆ.

ನಮ್ಮ ಮನೆಯಲ್ಲೇ ಆದದ್ದು ಕೇಳಿ. ಕೀಯ ಪ್ಲಾಸ್ಟಿಕ್ ಹೊದಿಕೆ ಒಡೆದಿತ್ತು. ಅಂಗಡಿಯೊಂದರಲ್ಲಿ ಹೊಸ ಹೊದಿಕೆ ಹಾಕಿಸಿ, ಅಲಗನ್ನೂ ಬಟನ್ನಿನ ಬೋರ್ಡನ್ನೂ ಅದಕ್ಕೆ ಕೂರಿಸಿ ತಂದೆವು. ಬಟನ್ ಒತ್ತಿದರೆ ಬಾಗಿಲು ತೆರೆಯುತ್ತದೆ, ಕೀ ತಿರುಗುತ್ತದೆ, ಕಾರು ಮಾತ್ರ ಹೊರಡದು. ಹೊಸ ಬ್ಯಾಟರಿ ಹಾಕಿದೆವು. ಊಹೂಂ. ಕೊನೆಗೆ ನಮ್ಮ ಬೀದಿಯ ಕೊನೆಯಲ್ಲಿ ಕೊಡೆ ಹಾಕಿಕೊಂಡು ಕೂರುವ ಕೀ ರಿಪೇರಿಯ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ, 'ಪಳೈಯ ಮೂಡಿ ಎಂಗ ಸಾರ್?' ಹಳೇ ಹೊದಿಕೆ ಎಲ್ಲಿ? ಮಗಳ ಆಟದ ಡಬ್ಬಿಯಲ್ಲಿತ್ತು. ಅದರ ಮೂಲೆಯಲ್ಲಿ ಚಿಪ್ ಅಂಟಿಕೊಂಡು ಹಾಗೇ ಕೂತಿತ್ತು! ಕಸಕ್ಕೆ ಹಾಕಿದ್ದರೆ ಕೆಲವು ಸಾವಿರ ರೂಪಾಯಿ ಜೊತೆಗೇ ಹೋಗುತ್ತಿತ್ತು. ಎಲ್ಲ ಕೀಗಳಲ್ಲೂ ಹೀಗಿರುವುದಿಲ್ಲ, ಕೆಲವಲ್ಲಿ ಚಿಪ್ ಬೋರ್ಡಿನ ಮೇಲೇ ಇರುತ್ತದೆ. ಆದರೂ ಹಳೇ ಹೊದಿಕೆ ಎಸೆಯುವ ಮುನ್ನ ಬಿಚ್ಚಿ ನೋಡಿ.

ಅಂದರೆ ಇಂಥ ಒಂದು ಕೀಯಲ್ಲಿ ಮೂರು ಕೀಗಳಿವೆ. ಬಾಗಿಲು ತೆರೆಯುವ ರಿಮೋಟ್‌ಗೆ ಬ್ಯಾಟರಿ ಬೇಕು, ಸಾಮಾನ್ಯವಾಗಿ ಮೂರು ವೋಲ್ಟಿನ ನಾಣ್ಯದಂಥದ್ದು. ದೂರ ಕಡಿಮೆಯಾಗುತ್ತಾ ಬಂದರೆ ಅದನ್ನು ಬದಲಿಸಿ. ಎಂಜಿನ್‌ಗೆ ಚಿಪ್. ಇವೆರಡೂ ಕೈಕೊಟ್ಟರೂ ಬಾಗಿಲಿಗೆ ಅಲಗು. ಈಗಿನ ಬಟನ್ ಒತ್ತುವ ಕಾರುಗಳಲ್ಲೂ ಕೀ ಒಳಗೆ ಅಲಗು ಅಡಗಿರುತ್ತದೆ, ಹಾಗೂ ಬ್ಯಾಟರಿ ಸತ್ತರೆ ಕೀಯನ್ನು ಸ್ಟಾರ್ಟ್ ಬಟನ್‌ಗೋ ಪುಸ್ತಕದಲ್ಲಿ ತೋರಿಸಿದ ಜಾಗಕ್ಕೋ ತಾಗಿಸಿದರೆ ಹೊರಡುತ್ತದೆ. ಆ ಪುಸ್ತಕ ಯಾರು ಓದುತ್ತಾರೆ ಬಿಡಿ. ನಾವಂತೂ ಓದಿರಲಿಲ್ಲ.

ಈಗ 2015ರ ಡಿಸೆಂಬರ್‌ಗೆ ಬರೋಣ. ಚೆಂಬರಂಬಾಕ್ಕಂ ಕೆರೆಯ ನೀರು ಅಡ್ಯಾರ್ ನದಿಗೆ ಹರಿದು, 1 ಮತ್ತು 2ನೇ ತಾರೀಖು ಸೈದಾಪೇಟೆ, ಕೋಟ್ಟೂರುಪುರಂ, ಅಡ್ಯಾರಿನ ತಗ್ಗು ಬೀದಿಗಳು ಮುಳುಗಿದವು. ನೀರು ಇಳಿದ ಮೇಲೆ ಜನ ಮೊದಲು ಮಾಡಿದ್ದು ಏನು? ಕೀ ತೆಗೆದುಕೊಂಡು ಹೋಗಿ ತಿರುಗಿಸಿದ್ದು. ಮನುಷ್ಯ ಸಹಜ. ಕಾರು ಬದುಕಿದೆಯೋ ಇಲ್ಲವೋ ನೋಡುವ ಆತುರ. ಆದರೆ ಸಿಲಿಂಡರಿನಲ್ಲಿ ನೀರಿದ್ದಾಗ ಎಂಜಿನ್ ತಿರುಗಿಸಿದರೆ, ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲವಾದ್ದರಿಂದ, ಒಳಗಿನ ಕನೆಕ್ಟಿಂಗ್ ರಾಡ್‌ಗಳೇ ಬಾಗುತ್ತವೆ. ಪ್ರವಾಹದಿಂದ ಆದ ಹಾನಿಗೆ ವಿಮೆ ಇರುತ್ತದೆ, ನೀವೇ ಸ್ಟಾರ್ಟ್ ಮಾಡಿ ಆದ ಹಾನಿಗೆ, ಬೇರೆ ಎಂಜಿನ್ ರಕ್ಷಣೆಯ ಪಾಲಿಸಿ ಇಲ್ಲದಿದ್ದರೆ, ಸಾಮಾನ್ಯವಾಗಿ ಇರುವುದಿಲ್ಲ. ಒಂದೇ ಒಂದು ಸಲ ಕೀ ತಿರುಗಿಸಿದ್ದಕ್ಕೆ ಲಕ್ಷದ ಲೆಕ್ಕದಲ್ಲಿ ದಂಡ. ಮುಳುಗಿದ ಕಾರಿಗೆ ಆ ಹೊತ್ತಿನ ಸರಿಯಾದ ರಿಪೇರಿ ಅಂದರೆ ಕೀ ಮುಟ್ಟದೆ ಲಾರಿಗೆ ಏರಿಸುವುದು. ಕೀಯೂ ನೆನೆದಿದ್ದರೆ ಬ್ಯಾಟರಿ ತೆಗೆದು, ಬಿಚ್ಚಿ, ಫ್ಯಾನಿನ ಗಾಳಿಗೆ ಒಣಗಿಸಿ. ಬಿಸಿಲಿಗೂ ಒಲೆಗೂ ಬೇಡ.

ವಿಮೆ ಅಂದಾಗ ನೆನಪಾಯಿತು. ಕಾರು ಕಳವಾದರೆ ಕಂಪನಿಯವರು ಎರಡೂ ಒರಿಜಿನಲ್ ಕೀ ಕೇಳುತ್ತಾರೆ. ಒಂದು ಕಳೆದುಹೋಗಿದೆ, ಆದರೆ ಪೊಲೀಸ್ ದೂರಿಲ್ಲ ಅಂದರೆ ಕ್ಲೇಮು ತಕರಾರಿಗೆ ಬೀಳುತ್ತದೆ. ಕೀ ಕಳೆದ ದಿನವೇ ಠಾಣೆಗೆ ಹೋಗಿ ಬರೆಸಿ, ಆಮೇಲೆ ವರ್ಕ್‌ಶಾಪಿನಲ್ಲಿ ಹಳೇ ಕೀಯ ಗುರುತನ್ನು ಕಾರಿನ ನೆನಪಿನಿಂದ ಅಳಿಸಿ ಹೊಸದನ್ನು ಕಲಿಸಿ. ಬದಲಿ ಭಾಗ, ಬಿಡಿಭಾಗದ ಮಾಹಿತಿ ಗ್ರಾಹಕರಿಗೆ ಸಿಗಲಿ ಅಂತ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ 'ರಿಪೇರಿ ಹಕ್ಕಿ'ನ ಪೋರ್ಟಲ್ ತೆರೆದಾಗ ಅದರಲ್ಲಿ ವಾಹನಗಳೂ ಸೇರಿದ್ದವು. ಆದರೂ ಚಿಪ್‌ಗೆ ಗುರುತು ಕಲಿಸುವ ವಿದ್ಯೆ ಕೊಡೆ ಕೆಳಗಿನ ಹಿರಿಯರಿಗೆ ಸುಲಭಕ್ಕೆ ಸಿಕ್ಕಿಲ್ಲ. ಅವರ ಮಗ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಕಲಿಯುತ್ತಿದ್ದಾನೆ, ಬೀಗ ಕೆತ್ತುವ ಅರ ಮಾತ್ರ ಅಪ್ಪನ ಹತ್ತಿರವೇ ಇದೆ.

2023ರ ಡಿಸೆಂಬರಿನ ಮಿಚೌಂಗ್ ಚಂಡಮಾರುತದಲ್ಲಿ ಪಳ್ಳಿಕ್ಕರಣೆ ಕಡೆ ಕಾರುಗಳು ಕಾಗದದ ದೋಣಿಗಳಂತೆ ತೇಲಿಹೋದದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ಜನ ಬುದ್ಧಿ ಕಲಿತರು. 2024ರ ಅಕ್ಟೋಬರಿನಲ್ಲಿ ಭಾರೀ ಮಳೆಯ ಮುನ್ಸೂಚನೆ ಬಂದ ಕೂಡಲೇ ವೇಳಚ್ಚೇರಿ ಫ್ಲೈಓವರ್ ಮೇಲೆ ಸಾಲು ಸಾಲಾಗಿ ಕಾರು ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಂಡು ನಡೆದು ಮನೆ ಸೇರಿದರು. ದಂಡ ಹಾಕುತ್ತಾರಂತೆ ಅಂತ ಸುದ್ದಿ ಹಬ್ಬಿತು, ಪೊಲೀಸರು ಹಾಗೇನಿಲ್ಲ ಅಂದರು. ಈ ಸಲದ ಮಳೆಗಾಲಕ್ಕೆ ಮುಂಚೆ ನಿಮ್ಮ ಎರಡನೇ ಕೀ ಎಲ್ಲಿದೆ ಅಂತ ಒಮ್ಮೆ ಹುಡುಕಿ. ನಮ್ಮದು ಮೊನ್ನೆ ಸಿಕ್ಕಿತು, ಅಮ್ಮನ ಸಾಸಿವೆ ಡಬ್ಬಿಯ ಹಿಂದೆ, ನಂಬರಿನ ಬಿಲ್ಲೆಯ ಸಮೇತ.