ಯೋಜನೆ ಬದಲಾದಾಗ ಮಕ್ಕಳ ಇಂಗ್ಲಿಷ್ ಪಾಠ: ಸ್ವಯಂಸೇವಕರಿಗೆ ಮಾಹಿತಿ

ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿತು. ಮಡಕಶಿರಾ ಮೂರು ಕಡೆ ಕರ್ನಾಟಕದಿಂದ ಸುತ್ತುವರಿದಿದ್ದು, 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಡಿ. ಹಿರೇಹಾಳ್, ಬೊಮ್ಮನಹಾಳ್, ಅಮರಾಪುರಂ, ಅಗಳಿ, ರೊಳ್ಳ ಭಾಗಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಹಿಂದಿನಿಂದಲೂ ನಡೆದು ಬಂದಿವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಕೇಳುವ ಇಲ್ಲಿನ ಮಗುವಿಗೆ ಇಂಗ್ಲಿಷ್ ಮೂರನೆಯ ಭಾಷೆ. ಆದ್ದರಿಂದ ಸಂಜೆ ಪಾಠ ಹೇಳಿಕೊಡುವ ಸ್ವಯಂಸೇವಕರ ಒಂದು ಗಂಟೆಗೆ ಬೆಲೆ ಹೆಚ್ಚು.

ಯೋಜನೆಗಳು ಬದಲಾಗುವುದು ಹೊಸದಲ್ಲ. 1ರಿಂದ 6ನೇ ತರಗತಿವರೆಗೆ ಇಂಗ್ಲಿಷ್ ಮಾಧ್ಯಮವೆಂದು ಆಂಧ್ರ ಸರ್ಕಾರ 2019ರ ನವೆಂಬರ್‌ನಲ್ಲಿ ಆದೇಶಿಸಿತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಅಷ್ಟರಲ್ಲಿ ಕೊರೊನಾದಿಂದ ಶಾಲೆಗಳೇ ಮುಚ್ಚಿದ್ದವು. ಅದೇ ವರ್ಷ ಕರ್ನಾಟಕದಲ್ಲಿ ವಿದ್ಯಾಗಮ ಯೋಜನೆಯಡಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡಿದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಹಳ್ಳಿಯ ಮಟ್ಟದಲ್ಲಿ ಕಾರಣಗಳು ಚಿಕ್ಕವು: ಕರೆಂಟ್ ಹೋಗುತ್ತದೆ, ಶೇಂಗಾ ಕೀಳುವ ಕಾಲಕ್ಕೆ ಅರ್ಧ ಮಕ್ಕಳು ಬರುವುದಿಲ್ಲ, ಪಾಠ ಮಾಡಬೇಕಾದವರೇ ಊರಲ್ಲಿರುವುದಿಲ್ಲ.

ಇಂಥ ದಿನ ಎ, ಬಿ, ಸಿ, ಡಿ ಬರೆಸಿ ಕಳುಹಿಸುವುದು ರೂಢಿ. ಬಂದ ಮಗುವಿಗೆ ಇದರಿಂದ ನಷ್ಟ. ಪಾಠದ ಸಾಮಗ್ರಿ ಬಿಡಬಹುದು, ಗುರಿ ಬಿಡಬಾರದು.

ಒಂದು ಉದಾಹರಣೆ

ಅಂದಿನ ಗುರಿ 'ದಿಸ್ ಈಸ್ ಎ ಪೆನ್' ಎಂಬ ವಾಕ್ಯವೆನ್ನಿ. ಕನ್ನಡದಲ್ಲಿ 'ಇದು ಪೆನ್ನು', ತೆಲುಗಿನಲ್ಲಿ 'ಇದಿ ಪೆನ್ನು'. ಎರಡರಲ್ಲೂ 'ಈಸ್' ಎಂಬುದಕ್ಕೆ ಪದವಿಲ್ಲ. ಅದಕ್ಕೇ ಮಕ್ಕಳು 'ದಿಸ್ ಪೆನ್' ಎನ್ನುತ್ತಾರೆ. ಎರಡೂ ಭಾಷೆಯ ಮಕ್ಕಳಿಗೆ ತಪ್ಪು ಒಂದೇ ಆದ್ದರಿಂದ ತಿದ್ದುವ ಪಾಠವೂ ಒಂದೇ ಸಾಕು.

- ಚಿತ್ರಪಟ ಇಲ್ಲದಿದ್ದರೆ: ಕಲ್ಲು, ಎಲೆ, ಚಪ್ಪಲಿ, ಬಕೆಟ್ ತೋರಿಸಿ ಹೇಳಿಸಿ.
- ಕರೆಂಟ್ ಇಲ್ಲದಿದ್ದರೆ: ಬರೆಸುವುದು ಬೇಡ. ಒಂದು ವಸ್ತುವನ್ನು ಕೈಯಿಂದ ಕೈಗೆ ದಾಟಿಸುತ್ತಾ ಹೇಳಿಸಿ.
- ಕೆಲವರೇ ಬಂದರೆ: ಹೊಸ ಪಾಠ ಬೇಡ. ಪ್ರತಿ ಮಗುವೂ ಹತ್ತು ಸಲ ಮಾತನಾಡಲಿ. ಬಾರದವರಿಗೆ ಮರುದಿನ ಇವರೇ ಹೇಳಿಕೊಡಲಿ.
- 2ನೇ ಮತ್ತು 5ನೇ ತರಗತಿಯವರು ಒಟ್ಟಿಗೆ ಕುಳಿತರೆ: ಚಿಕ್ಕವರು ವಾಕ್ಯ ಹೇಳಲಿ, ದೊಡ್ಡವರು 'ವಾಟ್ ಈಸ್ ದಿಸ್?' ಎಂದು ಕೇಳಲಿ.
- ಅರ್ಧ ಗಂಟೆಯೇ ಸಿಕ್ಕರೆ: ಹಾಡು, ಆಟ ಬಿಟ್ಟು ವಾಕ್ಯವನ್ನಷ್ಟೇ ಉಳಿಸಿಕೊಳ್ಳಿ.

ಬದಲಿಯಾಗಿ ಬರುವವರಿಗೆ

ಪಾಠದ ಜಾಗದಲ್ಲೇ ಒಂದು ನೋಟ್‌ಬುಕ್ ಇರಲಿ. ಪ್ರತಿ ದಿನ ಮೂರು ಸಾಲು ಸಾಕು: ಇಂದಿನ ಗುರಿ ಏನು, ಯಾರಿಗೆ ಬಂತು, ಯಾರಿಗೆ ಇನ್ನೂ ಬೇಕು. ಕನ್ನಡದಲ್ಲೋ ತೆಲುಗಿನಲ್ಲೋ ಬರೆಯಿರಿ. ಬದಲಿಯಾಗಿ ಬಂದವರು ಅದನ್ನು ಓದಿಯೇ ಪಾಠ ಆರಂಭಿಸಲಿ. ಇಲ್ಲವಾದರೆ ಹೊಸಬರು ಬಂದಾಗಲೆಲ್ಲ ಮಗು ಮೊದಲ ಪಾಠಕ್ಕೇ ಮರಳುತ್ತದೆ.

ಅರ್ಥ ತಿಳಿಸಲು ಮನೆಮಾತನ್ನು ಬಳಸಲು ಹಿಂಜರಿಯಬೇಡಿ. ಕನ್ನಡದಲ್ಲಿ ಒಮ್ಮೆ ಹೇಳಿ, ಇಂಗ್ಲಿಷಿನಲ್ಲಿ ಹಲವು ಸಲ ಹೇಳಿಸಿ. ನಾಳೆ ಪಾಠ ಇರುವುದಿಲ್ಲವೆಂದು ಗೊತ್ತಾದರೆ ಇಂದೇ ಮಕ್ಕಳಿಗೆ ತಿಳಿಸಿ, ಮನೆಯ ಐದು ವಸ್ತುಗಳನ್ನು ಅದೇ ವಾಕ್ಯದಲ್ಲಿ ಹೇಳಿ ಬರಲು ಕೆಲಸ ಕೊಡಿ. ಪಾಠ ತಪ್ಪಿದರೂ ಅಭ್ಯಾಸ ತಪ್ಪುವುದಿಲ್ಲ.