ಹಗೇವಿನ ಬಾಯಿ, ಚೀಲದ ಬಾಯಿ



ಕಣದ ಕೆಲಸ ಮುಗಿಯಿತು, ರಾಶಿ ಪೂಜೆ ಆಯಿತು, ಕಾಳು ಮನೆ ಸೇರಿತು. ಇನ್ನು ವರ್ಷದ ಚಿಂತೆ ತೀರಿತು ಅಂದುಕೊಳ್ಳುತ್ತೇವೆ. ಆದರೆ ನಿಜವಾದ ಕಾವಲು ಶುರುವಾಗುವುದೇ ಆಗ. ಹೊಲದಲ್ಲಿ ತೆನೆ ಇದ್ದಾಗ ಅಟ್ಟಣೆ ಹತ್ತಿ, ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದೆವು. ಮನೆಯೊಳಗಿನ ಹುಳಕ್ಕೆ ಕವಣೆ ಕಲ್ಲು ತಗಲುವುದಿಲ್ಲ. ಅದು ಸದ್ದಿಲ್ಲದೆ ತಿನ್ನುತ್ತದೆ. ನಾಲ್ಕು ತಿಂಗಳಾದ ಮೇಲೆ ಚೀಲ ಬಿಚ್ಚಿದರೆ, ಕಾಳಿನ ಬದಲು ಹಿಟ್ಟು ಉದುರುತ್ತದೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಆಗ ಬಿಸಿಲಿಗೆ ಹಾಕಿ ಏನು ಫಲ?

ಬೆಳೆದದ್ದನ್ನು ಕಟ್ಟಿಡುವ, ಮುಚ್ಚಿಡುವ ವಿದ್ಯೆಗೂ ಒಂದು ಚರಿತ್ರೆ ಉಂಟು. ಆ ಚರಿತ್ರೆಯನ್ನು ಇವತ್ತು ಸ್ವಲ್ಪ ನೋಡೋಣ. ಅದರೊಳಗೆ ನಮ್ಮ ಮನೆಗೆ ಬೇಕಾದ ಒಂದು ಬುದ್ಧಿಮಾತೂ ಇದೆ.

ನಮ್ಮ ಹಿರಿಯರು ಒಂದೊಂದು ಕಾಳಿಗೆ ಒಂದೊಂದು ಮನೆ ಮಾಡಿದ್ದರು. ಕರಾವಳಿಯಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಲ್ಲೇ ಬಿಗಿದು ಮುಡಿ ಕಟ್ಟುತ್ತಿದ್ದರು. ಈ ಮುಡಿ ಎಷ್ಟು ಬಳಕೆಗೆ ಬಂತೆಂದರೆ ಅದೇ ಒಂದು ಅಳತೆಯೂ ಆಯಿತು. ಗೇಣಿಯನ್ನು ಇಷ್ಟು ಮುಡಿ ಅಕ್ಕಿ ಎಂದೇ ಲೆಕ್ಕ ಹಾಕುತ್ತಿದ್ದರು. ಬಯಲುಸೀಮೆಯಲ್ಲಿ ಬಿದಿರಿನ ಕಣಜ ಹೆಣೆದು ಸಗಣಿ, ಮಣ್ಣು ಮೆತ್ತಿದರು. ಮನೆಯೊಳಗೆ ಮಣ್ಣಿನ ವಾಡೆ ಕೂರಿಸಿದರು. ಬೀಜದ ಕಾಳನ್ನು ಬೂದಿ ಬೆರೆಸಿ ಗಡಿಗೆಯಲ್ಲಿಟ್ಟರು. ತೊಗರಿಗೆ ಕೆಮ್ಮಣ್ಣು ಕಟ್ಟಿದರು. ಇವೆಲ್ಲ ಹೊಲದಿಂದ ಬಂದ ಸಾಮಾನು. ಹಳತಾದ ಮೇಲೆ ತಿಪ್ಪೆ ಸೇರಿ, ಗೊಬ್ಬರವಾಗಿ ಮತ್ತೆ ಹೊಲಕ್ಕೇ ಹೋಗುತ್ತಿದ್ದವು.

ಇವೆಲ್ಲಕ್ಕೂ ದೊಡ್ಡದು ಹಗೇವು. ರಾಗಿ, ಜೋಳ ಬೆಳೆಯುವ ಸೀಮೆಯ ಅಜ್ಜಂದಿರಿಗೆ ಈ ಹೆಸರು ಗೊತ್ತು. ನೀರು ನಿಲ್ಲದ, ಗಟ್ಟಿ ಗರಸು ನೆಲ ನೋಡಿ ಗುಣಿ ತೋಡುತ್ತಿದ್ದರು. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಬೆಂಕಿ ಹಾಕಿ ಗೋಡೆ ಒಣಗಿಸಿ, ಸುತ್ತ ಹುಲ್ಲು ಒತ್ತಿ, ಚೆನ್ನಾಗಿ ಒಣಗಿದ ಕಾಳನ್ನು ತುಂಬುತ್ತಿದ್ದರು. ಮೇಲೆ ಮತ್ತೆ ಹುಲ್ಲು, ಅದರ ಮೇಲೆ ಚಪ್ಪಡಿ, ಚಪ್ಪಡಿಯ ಸಂದಿಗೆ ಮಣ್ಣು. ಹೀಗೆ ಮುಚ್ಚಿದ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಂದು ವರ್ಷ ಮಳೆ ಕೈಕೊಟ್ಟರೆ ಹಿಂದಿನ ವರ್ಷದ ಹಗೇವು ಮನೆಯನ್ನು ಕಾಯುತ್ತಿತ್ತು.

ಹಾಗಾದರೆ ಬರವೇ ಬರಲಿಲ್ಲವೇ ಎಂದು ಕೇಳುತ್ತೀರಿ. ಬಂತು. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರವನ್ನು ಮೈಸೂರು ಸೀಮೆ ಬಹುಕಾಲ ಮರೆಯಲಿಲ್ಲ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ 50 ಲಕ್ಷ 55 ಸಾವಿರ. 1881ರಲ್ಲಿ ಉಳಿದವರು 41 ಲಕ್ಷ 86 ಸಾವಿರ. ಮಳೆ ಮೇಲಿಂದ ಮೇಲೆ ತಪ್ಪಿದರೆ ಯಾವ ಹಗೇವೂ ಸಾಲದು. ಹಗೇವು ತುಂಬುವಷ್ಟು ಬೆಳೆ ಇಲ್ಲದ ಬಡವನಿಗಂತೂ ಅದು ಇದ್ದೂ ಇಲ್ಲದ ಹಾಗೆಯೇ. ಆದಕಾರಣ ಹಿಂದಿನದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಕಾಳು ಇದ್ದಾಗ ಅದನ್ನು ಉಳಿಸಿಕೊಳ್ಳುವ ದಾರಿ ಗೊತ್ತಿತ್ತು, ಅಷ್ಟೇ.

ಹಗೇವಿನಲ್ಲಿ ಒಂದು ಅಪಾಯವೂ ಇತ್ತು. ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುವಂತಿರಲಿಲ್ಲ. ಸಾಕಷ್ಟು ಹೊತ್ತು ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದು ಅರ್ಥ. ಅವಸರಪಟ್ಟು ಇಳಿದವರು ಉಸಿರುಕಟ್ಟಿ ಪ್ರಾಣ ಬಿಟ್ಟದ್ದುಂಟು. ಈಗಲೂ ಮನೆ ಪಾಯ ತೋಡುವಾಗ ಹಳೆಯ ಹಗೇವು ಸಿಕ್ಕರೆ ದಯವಿಟ್ಟು ಯಾರೂ ಇಳಿಯಬೇಡಿ. ಅಗ್ನಿಶಾಮಕ ದಳಕ್ಕೆ ತಿಳಿಸಿ. ಈ ಕೆಟ್ಟ ಗಾಳಿಯ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅದಕ್ಕೇ ಬರುತ್ತೇನೆ.

ಆಮೇಲೆ ಬಂತು ಗೋಣಿಚೀಲ. 1855ರಲ್ಲಿ ಕಲ್ಕತ್ತೆಯ ಹತ್ತಿರದ ರಿಶ್ರಾದಲ್ಲಿ ಸೆಣಬಿನ ಗಿರಣಿ ಶುರುವಾಯಿತು. ಗೋಣಿ ಹಗುರ, ಗಟ್ಟಿ, ಹೊತ್ತು ಸಾಗಿಸಲು ಸಲೀಸು. ಗಾಡಿಗೂ ರೈಲಿಗೂ ಹೇಳಿಮಾಡಿಸಿದ ಹಾಗಿತ್ತು. ನೆಲದಲ್ಲಿ ಹುಟ್ಟಿ ನೆಲದಲ್ಲೇ ಕರಗುವ ವಸ್ತು ಎಂಬುದು ಅದರ ದೊಡ್ಡ ಗುಣ. 1987ರಲ್ಲಿ ಕೆಲವು ಸರಕುಗಳಿಗೆ ಸೆಣಬಿನ ಚೀಲವನ್ನೇ ಬಳಸಬೇಕೆಂದು ಕೇಂದ್ರ ಸರ್ಕಾರ ಕಾಯಿದೆಯನ್ನೇ ತಂದಿತು. ಆದರೆ ಗೋಣಿ ಹುಟ್ಟಿದ್ದು ಸಾಗಿಸುವುದಕ್ಕೆ. ನಾವು ಅದನ್ನು ವರ್ಷವಿಡೀ ಕೂಡಿಡುವುದಕ್ಕೂ ಬಳಸಿದೆವು. ಅದರ ನೇಯ್ಗೆಯ ಸಂದಿಯಲ್ಲಿ ಗಾಳಿ ಆಡುತ್ತದೆ, ತೇವ ಹೋಗುತ್ತದೆ, ಹುಳವೂ ನುಗ್ಗುತ್ತದೆ. ಇಲಿಗಂತೂ ಗೋಣಿ ಒಂದು ತಡೆಯೇ ಅಲ್ಲ.

ನಷ್ಟ ಎಷ್ಟಾಯಿತು? 1960ರ ದಶಕದಲ್ಲಿ ಪಾನ್ಸೆ ಸಮಿತಿ ಲೆಕ್ಕ ಹಾಕಿತು. ಕುಯ್ಲಾದ ಮೇಲೆ ದೇಶದಲ್ಲಿ ಹಾಳಾಗುವ ಧಾನ್ಯ ನೂರಕ್ಕೆ 9.33 ಪಾಲು. ಅದರಲ್ಲಿ 6.58 ಪಾಲು ಕೂಡಿಟ್ಟಲ್ಲೇ ಹೋಗುತ್ತಿತ್ತು. ಅಂದರೆ ಹೆಚ್ಚುಕಡಿಮೆ ಹನ್ನೊಂದು ಮೂಟೆ ಬೆಳೆದರೆ ಒಂದು ಮೂಟೆ ಹಾಳು! ದೇಶ ಹೊರಗಿನಿಂದ ಹಡಗಿನಲ್ಲಿ ಗೋಧಿ ತರಿಸುತ್ತಿದ್ದ ಕಾಲ ಅದು. 1965ರಲ್ಲಿ ಧಾನ್ಯ ಉಳಿಸುವ ಆಂದೋಲನ ಹೊರಟಿತು. ತಗಡಿನ ಕಣಜಗಳು ಹಳ್ಳಿಗೆ ಬಂದವು. ದೆಹಲಿಯ ಪೂಸಾ ಸಂಸ್ಥೆಯವರು ಎರಡು ಮಣ್ಣಿನ ಗೋಡೆಗಳ ನಡುವೆ ಪಾಲಿಥೀನ್ ಹಾಳೆ ಇಟ್ಟು ಪೂಸಾ ಕಣಜ ಮಾಡಿ ತೋರಿಸಿದರು. ಹೊರಗೆ ನೋಡಿದರೆ ಅಜ್ಜನ ವಾಡೆಯೇ. ಒಳಗೆ ಮಾತ್ರ ತೇವವೂ ಗಾಳಿಯೂ ದಾಟದ ಹಾಳೆ. ಅಂದಿನಿಂದ ನಷ್ಟ ಇಳಿದಿದೆ, ಆದರೆ ನಿಂತಿಲ್ಲ. 2015ರಲ್ಲಿ ಪ್ರಕಟವಾದ ಸರ್ಕಾರಿ ಅಧ್ಯಯನದ ಪ್ರಕಾರ ಬೇಳೆಕಾಳಿನಲ್ಲಿ ಕುಯ್ಲಿನಿಂದ ಮುಂದಕ್ಕೆ ಆಗುವ ನಷ್ಟ ನೂರಕ್ಕೆ 6.36ರಿಂದ 8.41.

ಈಗ ದೂರದ ಊರಿನ ಒಂದು ಕಥೆ ಕೇಳಿ. ಆಫ್ರಿಕಾ ಖಂಡದ ಕ್ಯಾಮರೂನ್ ದೇಶದವರಿಗೂ ನಮ್ಮ ಹಾಗೆಯೇ ಅಲಸಂದೆ ಬೇಕು. ಬಡವರ ಮಕ್ಕಳಿಗೆ ಅದೇ ಪುಷ್ಟಿ. ಅಲ್ಲಿಯೂ ಕಾಳು ಕೊರೆಯುವ ಹುಳದ ಕಾಟ. ಹೆದರಿದ ರೈತ ಕುಯ್ಲಿನ ಹೊತ್ತಿಗೇ ಸಿಕ್ಕಿದ ಬೆಲೆಗೆ ಮಾರಿ, ಆರು ತಿಂಗಳ ಮೇಲೆ ಅದೇ ಕಾಳನ್ನು ಹೆಚ್ಚು ಬೆಲೆ ಕೊಟ್ಟು ತಿನ್ನಲು ಕೊಳ್ಳುತ್ತಿದ್ದ. ನಮ್ಮ ಮನೆಯ ಮಾತೇ ಅನ್ನಿಸುತ್ತದೆ, ಅಲ್ಲವೆ?

1987ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರಜ್ಞ ಲ್ಯಾರಿ ಮರ್ಡಾಕ್ ಮತ್ತು ಅವರ ಜೊತೆಗಾರರು ಅಲ್ಲಿ ಕೆಲಸ ಆರಂಭಿಸಿದರು. ಅವರು ಕೊಟ್ಟದ್ದು ಔಷಧಿಯಲ್ಲ, ಒಂದು ಚೀಲ. ಒಳಗೆ ದಪ್ಪನೆಯ ಎರಡು ಪಾಲಿಥೀನ್ ಚೀಲ, ಹೊರಗೆ ನೇಯ್ದ ಗಟ್ಟಿ ಚೀಲ. ಕಾಳು ತುಂಬಿ, ಗಾಳಿ ಹೊರಡುವ ಹಾಗೆ ಒತ್ತಿ, ಒಂದೊಂದರ ಬಾಯನ್ನೂ ತಿರುಚಿ ಬಿಗಿಯುವುದು. ಹೊರಗಿನ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಚೀಲದೊಳಗಿನ ಹುಳಗಳೇ ಉಸಿರಾಡಿ ಅದನ್ನು ಮುಗಿಸುತ್ತವೆ. ಅದು ಐದು ಪಾಲಿಗಿಂತ ಕೆಳಗಿಳಿದರೆ ಹುಳ ತಿನ್ನುವುದನ್ನು ನಿಲ್ಲಿಸುತ್ತದೆ. ಒಣಕಾಳು ತಿನ್ನುವ ಹುಳ ತನಗೆ ಬೇಕಾದ ನೀರನ್ನು ಆಮ್ಲಜನಕದ ಸಹಾಯದಿಂದ ಆಹಾರದಲ್ಲೇ ಹುಟ್ಟಿಸಿಕೊಳ್ಳುತ್ತದಂತೆ. ಅದು ನಿಂತರೆ ಒಣಗಿ ಸಾಯುತ್ತದೆ. 2007ರಿಂದ ಈ ಚೀಲ ಪಶ್ಚಿಮ ಆಫ್ರಿಕಾದ ಹಳ್ಳಿಹಳ್ಳಿಗೆ ಹೋಯಿತು. ರೈತ ಬೆಲೆ ಬರುವವರೆಗೆ ಕಾಯುವಂತಾದ.

ಈಗ ಹೇಳಿ, ಇದು ಯಾವುದು? ನಮ್ಮ ಹಗೇವೇ ಅಲ್ಲವೆ! ಗುಣಿಗೆ ಇಳಿಬಿಟ್ಟ ದೀಪವನ್ನು ಆರಿಸುತ್ತಿದ್ದ ಅದೇ ಕೆಟ್ಟ ಗಾಳಿ ಒಳಗಿನ ಹುಳವನ್ನೂ ಕೊಲ್ಲುತ್ತಿತ್ತು. ಶಾಸ್ತ್ರದ ಹೆಸರು ನಮ್ಮ ಅಜ್ಜನಿಗೆ ತಿಳಿದಿರಲಿಲ್ಲ. ಬಾಯಿ ಬಿಗಿಯಾಗಿ ಮುಚ್ಚಬೇಕು ಎಂಬುದು ಮಾತ್ರ ತಿಳಿದಿತ್ತು.

ಗಾಳಿಯಾಡದ ಇಂಥ ಚೀಲಗಳು ಈಗ ನಮ್ಮ ಪೇಟೆಗೂ ಬಂದಿವೆ. ಕೊಂಡು ತಂದರೆ ಸಾಲದು, ನಾಲ್ಕು ಮಾತು ಜ್ಞಾಪಕವಿರಲಿ.

ಮೊದಲನೆಯದು, ಕಾಳು ಒಣಗಿರಬೇಕು. ಹಸಿ ಕಾಳನ್ನು ಬಿಗಿದು ಕಟ್ಟಿದರೆ ಬೂಸು ಹಿಡಿಯುತ್ತದೆ. ಒಣಗಿದ ಗಾಜಿನ ಸೀಸೆಗೆ ಒಂದು ಹಿಡಿ ಕಾಳು, ಸ್ವಲ್ಪ ಒಣ ಉಪ್ಪು ಹಾಕಿ ಅಲುಗಾಡಿಸಿ ಹತ್ತು ನಿಮಿಷ ಬಿಡಿ. ಉಪ್ಪು ಸೀಸೆಯ ಒಳಮೈಗೆ ಅಂಟಿದರೆ ಕಾಳಿಗೆ ಇನ್ನೂ ಬಿಸಿಲು ಬೇಕು. ಎರಡನೆಯದು, ಸಣ್ಣ ತೂತು ಬಿದ್ದರೂ ಕೆಲಸ ಕೆಟ್ಟಿತು. ಕಡ್ಡಿ, ಕಲ್ಲು ಆರಿಸಿ ತುಂಬಿ, ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ, ಇಲಿ ಬಾರದಂತೆ ನೋಡಿಕೊಳ್ಳಿ. ಮೂರನೆಯದು, ದಿನಾ ಬಿಚ್ಚಿ ನೋಡಬೇಡಿ. ಬಿಚ್ಚಿದಷ್ಟು ಸಲ ಹುಳಕ್ಕೆ ಉಸಿರು ಕೊಟ್ಟಂತೆ. ದಿನಬಳಕೆಯ ಕಾಳು ಬೇರೆ ಡಬ್ಬಿಯಲ್ಲಿರಲಿ.

ನಾಲ್ಕನೆಯದು ಮುಖ್ಯ. ಪಾಲಿಥೀನು ಗೋಣಿಯಂತೆ ಮಣ್ಣಿನಲ್ಲಿ ಕರಗುವುದಿಲ್ಲ. ಒಂದೇ ಸಲ ಬಳಸಿ ಎಸೆಯುವ ತಟ್ಟೆ, ಲೋಟಗಳಂಥ ಪ್ಲಾಸ್ಟಿಕ್ಕನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಿದ್ದಾರೆ. ಕಾಳಿನ ಚೀಲವನ್ನು ಎರಡು ಮೂರು ಸುಗ್ಗಿ ಬಳಸಬಹುದು. ಜೋಪಾನ ಮಾಡಿ, ಹರಿದ ಮೇಲೆ ಸುಡಬೇಡಿ, ಹೊಲಕ್ಕೆ ಎಸೆಯಬೇಡಿ, ಹಳೆ ಸಾಮಾನಿನವನಿಗೆ ಕೊಡಿ. ಸಾಗಿಸಲು ಗೋಣಿ ಸಾಕು. ಮದುವೆ, ಹಬ್ಬದ ಊಟಕ್ಕೆ ಮುತ್ತುಗದೆಲೆ, ಬಾಳೆಲೆ, ಅಡಿಕೆ ಹಾಳೆ ಇದ್ದೇ ಇವೆ. ಎಲ್ಲಿ ಪ್ಲಾಸ್ಟಿಕ್ಕು ಅನ್ನ ಉಳಿಸುತ್ತದೆಯೋ ಅಲ್ಲಿ ಇರಲಿ, ಎಲ್ಲಿ ಬರೀ ಕಸ ಬೆಳೆಸುತ್ತದೆಯೋ ಅಲ್ಲಿ ಬೇಡ.

ಹೊಲದಲ್ಲಿ ಒಂದು ಮೂಟೆ ಹೆಚ್ಚು ಬೆಳೆಯಬೇಕಾದರೆ ನೀರು ಬೇಕು, ಗೊಬ್ಬರ ಬೇಕು, ಬೆವರು ಬೇಕು, ಮೇಲೆ ದೇವರು ಮಳೆ ಕೊಡಬೇಕು. ಬೆಳೆದ ಮೂಟೆಯನ್ನು ಉಳಿಸಿಕೊಳ್ಳಲು ಒಣ ಕಾಳು, ಬಿಗಿದ ಬಾಯಿ ಇಷ್ಟೇ ಸಾಕು. ಈ ಸುಗ್ಗಿಯಲ್ಲಿ ಒಂದೇ ಒಂದು ಚೀಲ ಅಲಸಂದೆಯನ್ನೋ ತೊಗರಿಯನ್ನೋ ಹೀಗೆ ಕಟ್ಟಿಟ್ಟು ನೋಡಿ. ಪಕ್ಕದಲ್ಲಿ ಒಂದು ಗೋಣಿಯೂ ಇರಲಿ. ನಾಲ್ಕು ತಿಂಗಳಾದ ಮೇಲೆ ಎರಡನ್ನೂ ಮನೆಯವರ ಮುಂದೆಯೇ ಬಿಚ್ಚಿ. ಯಾವುದು ಮೇಲೆಂದು ನಾನು ಹೇಳಬೇಕಾಗಿಲ್ಲ, ಕಾಳೇ ಹೇಳುತ್ತದೆ.