ಆಲ್ಪಾಕಾ: ಕೋಟಿನಿಂದ ಕೊಟ್ಟಿಗೆಯವರೆಗೆ

ಹಳೇ ಕಾಲದ ಕಥೆ-ಕಾದಂಬರಿ ಓದಿದವರಿಗೆ 'ಆಲ್ಪಾಕಾ ಕೋಟು' ಅನ್ನೋ ಮಾತು ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ವಕೀಲರು, ಮೇಷ್ಟ್ರುಗಳು, ಕಚೇರಿ ಗುಮಾಸ್ತರು ತೊಡುತ್ತಿದ್ದ ಹಗುರವಾದ, ಸ್ವಲ್ಪ ಹೊಳಪಿರುವ ಕೋಟು ಅದು. ಆದರೆ ಈ ಆಲ್ಪಾಕಾ ಅಂದರೆ ಏನು ಅಂತ ಕೇಳಿದರೆ "ಯಾವುದೋ ವಿಲಾಯಿತಿ ಬಟ್ಟೆ ಇರಬೇಕು" ಅನ್ನುವವರೇ ಜಾಸ್ತಿ. ವಿಲಾಯಿತಿಯಲ್ಲಿ ನೇಯ್ದದ್ದೇನೋ ನಿಜ. ಆದರೆ ಆ ಉಣ್ಣೆ ಕೊಟ್ಟ ಪ್ರಾಣಿ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳದ್ದು. ನೋಡಲು ಉದ್ದ ಕತ್ತಿನ ಕುರಿಯ ಹಾಗೆ, ಜಾತಿಯಲ್ಲಿ ಒಂಟೆಯ ನೆಂಟ!

ಪೆರು ಮತ್ತು ಬೊಲಿವಿಯಾದಲ್ಲಿ ಸುಮಾರು 4000 ಮೀಟರ್ ಎತ್ತರದಲ್ಲಿ 'ಪುನಾ' ಅನ್ನುವ ಹುಲ್ಲುಗಾವಲುಗಳಿವೆ. ಅಲ್ಲಿ ಜೋಳ ಬೆಳೆಯುವುದಿಲ್ಲ, ಮರ ಕಡಿಮೆ, ರಾತ್ರಿಯಾದರೆ ಹಿಮ. ಮನುಷ್ಯ ಅಲ್ಲಿ ಬದುಕಬೇಕಾದರೆ ಪ್ರಾಣಿಯನ್ನೇ ನಂಬಬೇಕು. ಪೆರುವಿನ ಹುನಿನ್ ಪ್ರದೇಶದ ತೆಲಾರ್ಮಾಚಾಯ್ ಗುಹೆಯಲ್ಲಿ ಸಿಕ್ಕ ಮೂಳೆಗಳನ್ನು ನೋಡಿದರೆ, ಬೇಟೆಯಾಡುತ್ತಿದ್ದ ಜನ ಸುಮಾರು 6000 ವರ್ಷಗಳ ಹಿಂದೆಯೇ ಸಾಕುವವರಾಗಿ ಬದಲಾದದ್ದು ಗೊತ್ತಾಗುತ್ತದೆ. ಕಾಡಿನ ವಿಕುನ್ಯಾದಿಂದ ಆಲ್ಪಾಕಾ, ಗ್ವಾನಾಕೋದಿಂದ ಲಾಮಾ ಬಂದವು. ಆಲ್ಪಾಕಾದ ಮೂಲ ವಿಕುನ್ಯಾ ಅನ್ನುವುದು ಡಿಎನ್‌ಎ ಪರೀಕ್ಷೆಯಿಂದ ಗಟ್ಟಿಯಾದದ್ದು 2001ರಲ್ಲಿ. ಲಾಮಾ ಹೊರೆ ಹೊರಲು, ಆಲ್ಪಾಕಾ ಉಣ್ಣೆಗೆ ಅಂತ ಕೆಲಸ ಹಂಚಿಕೆ ಆಯಿತು.

ಇಂಕಾ ಸಾಮ್ರಾಜ್ಯದಲ್ಲಿ ಬಟ್ಟೆಗೆ ಚಿನ್ನಕ್ಕಿಂತ ಹೆಚ್ಚು ಮರ್ಯಾದೆ ಇತ್ತು. 'ಕುಂಬಿ' ಅನ್ನುವ ನಯವಾದ ಬಟ್ಟೆ ನೇಯಲೆಂದೇ ಆರಿಸಿ ತಂದ ಹೆಣ್ಣುಮಕ್ಕಳಿದ್ದರು. ದಕ್ಷಿಣ ಪೆರುವಿನ ಎಲ್ ಯಾರಾಲ್ ಎಂಬಲ್ಲಿ ಇಂಕಾಗಳಿಗಿಂತಲೂ ಹಿಂದಿನ, ಸುಮಾರು 1000 ವರ್ಷ ಹಳೆಯ ಲಾಮಾ, ಆಲ್ಪಾಕಾಗಳ ದೇಹಗಳು ಒಣ ಮರಳಿನಲ್ಲಿ ಕೆಡದೆ ಸಿಕ್ಕವು. ಅವುಗಳ ಉಣ್ಣೆ ಪರೀಕ್ಷಿಸಿದಾಗ ಎಳೆಗಳು ಇವತ್ತಿನ ಸಾಮಾನ್ಯ ಆಲ್ಪಾಕಾಕ್ಕಿಂತ ನಯ, ಒಂದೇ ಸಮ ಅಂತ ಗೊತ್ತಾಯಿತು. ಅಂದರೆ ಬರಹವೇ ಇಲ್ಲದ ಆ ಕುರುಬರಿಗೆ ತಳಿ ಕಾಪಾಡುವ ವಿದ್ಯೆ ನಮ್ಮ ಕಾಲದವರಿಗಿಂತ ಚೆನ್ನಾಗಿ ತಿಳಿದಿತ್ತು.

ಆ ವಿದ್ಯೆ ಎಲ್ಲಿ ಹೋಯಿತು? 1532ರಲ್ಲಿ ಸ್ಪೇನಿನವರು ಬಂದರು. ಕುರಿ, ದನ ತಂದರು. ಒಳ್ಳೆಯ ಹುಲ್ಲುಗಾವಲು ಅವಕ್ಕೆ ಹೋಯಿತು, ಆಲ್ಪಾಕಾಗಳು ಇನ್ನೂ ಮೇಲಕ್ಕೆ, ಇನ್ನೂ ಬಡ ಹುಲ್ಲಿಗೆ ಸರಿದವು. ಯುದ್ಧ, ರೋಗ, ಗಣಿಯ ಜೀತದಲ್ಲಿ ಕುರುಬರು ಸತ್ತರು, ಹಿಂಡು ಚೆದುರಿತು. ಒಂದೇ ಶತಮಾನದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಪ್ರಾಣಿಗಳು ನಾಶವಾದವು ಅನ್ನುವ ಅಂದಾಜಿದೆ. ಉಳಿದವು ಲಾಮಾಗಳ ಜೊತೆ ಬೆರೆತವು, ಎಳೆ ಒರಟಾಯಿತು. ಉಳಿಸಿದವರು ಮೇಲಿನ ಹಳ್ಳಿಗಳ ಬಡ ಕೆಚುವಾ ಮತ್ತು ಐಮಾರಾ ಸಂಸಾರಗಳು.

ಮುಂದೆ ಜಗತ್ತಿಗೆ ಆಲ್ಪಾಕಾ ಪರಿಚಯ ಮಾಡಿಸಿದ್ದು ಇಂಗ್ಲೆಂಡಿನ ಟೈಟಸ್ ಸಾಲ್ಟ್. 1836ರಲ್ಲಿ ಲಿವರ್‌ಪೂಲಿನ ಗೋದಾಮಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಮೂಟೆಗಳನ್ನು ನೋಡಿ ಕೊಂಡನಂತೆ. ಹಾಸಿಗೆ ಹತ್ತಿ, ಹೊಕ್ಕಿಗೆ ಆಲ್ಪಾಕಾ ಹಾಕಿ ರೇಷ್ಮೆಯಂತೆ ಹೊಳೆಯುವ ಬಟ್ಟೆ ನೇಯಿಸಿ ದೊಡ್ಡ ಸಾಹುಕಾರನಾದ. 1853ರಲ್ಲಿ ಅವನು ತೆರೆದ ಗಿರಣಿ, ಸುತ್ತ ಕಟ್ಟಿದ ಸಾಲ್ಟೇರ್ ಊರು 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಆದರೆ ಬೆಟ್ಟದ ಮೇಲೆ ಉಣ್ಣೆ ಕತ್ತರಿಸಿದವನಿಗೆ ಸಿಕ್ಕಿದ್ದೇನು? ಮಧ್ಯವರ್ತಿಗಳಿಂದ ಆರೆಕಿಪಾ ಪಟ್ಟಣದ ವ್ಯಾಪಾರಿಗಳಿಗೆ, ಅಲ್ಲಿಂದ ಹಡಗಿಗೆ... ಲಾಭವೆಲ್ಲ ದಾರಿಯಲ್ಲೇ ಕರಗುತ್ತಿತ್ತು. ನಮ್ಮ ರೈತರ ಕಥೆ ಕೇಳಿದ ಹಾಗೇ ಇದೆ, ಅಲ್ಲವೇ?

ಉಣ್ಣೆ ಯಾಕೆ ತರಿಸಬೇಕು, ಪ್ರಾಣಿಯನ್ನೇ ತಂದರಾಯಿತಲ್ಲ ಅಂತ ಹೊರಟವನು ಚಾರ್ಲ್ಸ್ ಲೆಡ್ಜರ್. ಜೀವಂತ ಆಲ್ಪಾಕಾ ಸಾಗಿಸುವುದನ್ನು ಪೆರು ನಿಷೇಧಿಸಿತ್ತು. ಇವನು ವರ್ಷಗಟ್ಟಲೆ ಬೆಟ್ಟದ ದಾರಿಯಲ್ಲಿ ಹಿಂಡು ನಡೆಸಿ, ಸಾಯುವವು ಸತ್ತು, ಕೊನೆಗೆ 1858ರ ನವೆಂಬರಿನಲ್ಲಿ 250ಕ್ಕೂ ಹೆಚ್ಚು ಪ್ರಾಣಿಗಳ ಜೊತೆ ಸಿಡ್ನಿ ತಲುಪಿದ. ಪ್ರಯೋಗ ನೆಲೆ ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಹಿಂಡು ಮಾರಾಟವಾಗಿ ಚೆದುರಿಹೋಯಿತು. (ಮಲೇರಿಯಾ ಔಷಧಿಯ ಸಿಂಕೋನಾ ಬೀಜ ಹೊರಗೆ ಕಳಿಸಿದವನೂ ಇದೇ ಲೆಡ್ಜರ್. ಬೀಜ ಆರಿಸಿ ಕೊಟ್ಟ ಮಾನುಯೆಲ್ ಇಂಕ್ರಾ ಮಾಮಾನಿ ಅನ್ನುವ ಸ್ಥಳೀಯ, ಜೈಲಿನಲ್ಲಿ ಪೆಟ್ಟು ತಿಂದು ಸತ್ತ. ಡಚ್ಚರ ಜಾವಾ ಶ್ರೀಮಂತವಾಯಿತು.)

ಈಗ ಸಣ್ಣ ತೋಟಗಳ ಕಥೆಗೆ ಬರೋಣ. 1984ರಿಂದ ಅಮೆರಿಕಕ್ಕೆ ಆಲ್ಪಾಕಾಗಳು ಬರತೊಡಗಿದವು. ಸಾಧು ಪ್ರಾಣಿ, ಐದಾರು ಎಕರೆ ಸಾಕು, ತೆರಿಗೆ ವಿನಾಯಿತಿ ಬೇರೆ. ನಿವೃತ್ತರಾಗುವ ಗಂಡ-ಹೆಂಡತಿ ಕೂಡಿಟ್ಟ ದುಡ್ಡು ಹಾಕಿ ನಾಲ್ಕಾರು ಹೆಣ್ಣು ಆಲ್ಪಾಕಾ ಕೊಳ್ಳುವುದು, ಮರಿ ಮಾರಿ ಬದುಕುವುದು, ಇದು ಕನಸು. 1998ರಲ್ಲಿ ನೋಂದಣಿ ಪುಸ್ತಕ ಹೊರದೇಶದ ಪ್ರಾಣಿಗಳಿಗೆ ಮುಚ್ಚಿತು, ಬೆಲೆ ಏರಿತು. ಒಳ್ಳೆಯ ಹೆಣ್ಣಿಗೆ 20-25 ಸಾವಿರ ಡಾಲರ್! 2010ರಲ್ಲಿ ಒಂದು ಗಂಡು 6 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಅದಕ್ಕೆ ಮೊದಲೇ, 2007ರಲ್ಲಿ, ಕ್ಯಾಲಿಫೋರ್ನಿಯಾದ ಅರ್ಥಶಾಸ್ತ್ರಜ್ಞರಾದ ಟೀನಾ ಸೈಟೋನ್ ಮತ್ತು ರಿಚರ್ಡ್ ಸೆಕ್ಸ್‌ಟನ್ ಲೆಕ್ಕ ಹಾಕಿ ತೋರಿಸಿದ್ದರು: ಈ ಬೆಲೆಗೂ ಉಣ್ಣೆಯ ಆದಾಯಕ್ಕೂ ತಾಳೆಯೇ ಇಲ್ಲ. ಮರಿ ಕೊಳ್ಳುವವನು ಮತ್ತೆ ಮರಿ ಮಾರುವವನೇ. ಕೊಳ್ಳುವವರು ಮುಗಿದ ದಿನ ಆಟ ಮುಗಿಯಿತು. ಸಾವಿರಾರು ಡಾಲರ್ ಕೊಟ್ಟು ತಂದವುಗಳನ್ನು ಕೆಲವರು ಪುಕ್ಕಟೆ ಕೊಟ್ಟರು. ನಮ್ಮಲ್ಲಿ ಮಲೆನಾಡಿನ ವೆನಿಲ್ಲಾ, 2012ರಲ್ಲಿ ತಮಿಳುನಾಡಿನ ಎಮು ಹಕ್ಕಿ ಕಥೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಾಪ, ಪ್ರಾಣಿಯದೇನು ತಪ್ಪು? ಅದು ಒಂಟಿಯಾಗಿರಲಾರದು, ಜೊತೆ ಬೇಕೇ ಬೇಕು. ಹನ್ನೊಂದು ತಿಂಗಳು ಹೊತ್ತು ಒಂದೇ ಮರಿ ಹಾಕುತ್ತದೆ, ಅದೂ ಹೆಚ್ಚಾಗಿ ಹಗಲಿನಲ್ಲಿ. ರಾತ್ರಿಯ ಹಿಮ ಬೀಳುವ ಮೊದಲು ಮರಿ ಒಣಗಿ ಎದ್ದು ನಿಲ್ಲಬೇಕಲ್ಲ! ಪಾದ ಮೆತ್ತಗೆ, ನೆಲ ಕೆಡಿಸುವುದಿಲ್ಲ. ಹಿಂಡೆಲ್ಲ ಒಂದೇ ಜಾಗದಲ್ಲಿ ಗೊಬ್ಬರ ಹಾಕುತ್ತದೆ. ವರ್ಷಕ್ಕೊಮ್ಮೆ ಉಣ್ಣೆ ಕತ್ತರಿಸಬೇಕು, ಉಗುರು ಕತ್ತರಿಸಬೇಕು. ಬಿಸಿಲು ಕಡಿಮೆ ಇರುವ ದೇಶಗಳಲ್ಲಿ ಚಳಿಗಾಲಕ್ಕೆ ಡಿ ವಿಟಮಿನ್ ಕೊಡಬೇಕು. ಅಮೆರಿಕದಲ್ಲಿ ಜಿಂಕೆಗಳಿಂದ ಬರುವ ಒಂದು ಹುಳು ಅದರ ಬೆನ್ನುಹುರಿಗೆ ಹೊಕ್ಕು ಕೊಲ್ಲುತ್ತದೆ. ಇಷ್ಟೆಲ್ಲ ನೋಡಿಕೊಂಡು, ಕಡಿಮೆ ಬೆಲೆಗೆ ತಂದು, ಉಣ್ಣೆ ನೂತು ಮಾರುವವರು ಅಲ್ಲಿ ಇಂದಿಗೂ ಇದ್ದಾರೆ. ಅವರು ಸಾಹುಕಾರರಾಗಿಲ್ಲ, ಮುಳುಗಿಯೂ ಇಲ್ಲ.

2012ರ ಕೃಷಿ ಗಣತಿಯ ಪ್ರಕಾರ ಪೆರುವಿನಲ್ಲಿ ಸುಮಾರು 36 ಲಕ್ಷ ಆಲ್ಪಾಕಾಗಳಿದ್ದವು. ಸಾಕುವವರಲ್ಲಿ ಹೆಚ್ಚಿನವರು ಸಣ್ಣ ಹಿಂಡಿನ ಬಡವರು. ಹಿಮಗಾಳಿ ಬೀಸಿದ ವರ್ಷ ಮರಿಗಳು ಸಾಯುತ್ತವೆ, ಉಣ್ಣೆಯ ಬೆಲೆ ಇನ್ನೆಲ್ಲೋ ತೀರ್ಮಾನವಾಗುತ್ತದೆ. ಅಲ್ಲಿನವರಲ್ಲಿ ಒಂದು ನಂಬಿಕೆ ಇದೆ. ಆಲ್ಪಾಕಾಗಳು ನಮ್ಮವಲ್ಲ, ಭೂತಾಯಿ ಸಾಲವಾಗಿ ಕೊಟ್ಟದ್ದು. ಚೆನ್ನಾಗಿ ನೋಡಿಕೊಳ್ಳದಿದ್ದರೆ ವಾಪಸ್ ಹೋಗಿಬಿಡುತ್ತವೆ ಅಂತ. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಲು ನನಗಂತೂ ಮನಸ್ಸು ಬರುವುದಿಲ್ಲ. ಸ್ಪೇನಿನವರ ಕಾಲದಲ್ಲಿ ಹೆಚ್ಚುಕಡಿಮೆ ಹಾಗೇ ಆಗಿತ್ತು.

ನಿಮ್ಮ ಮನೆಯ ಹಳೇ ಟ್ರಂಕಿನಲ್ಲಿ ಅಜ್ಜನ ಆಲ್ಪಾಕಾ ಕೋಟೇನಾದರೂ ಉಳಿದಿದೆಯಾ? ಇದ್ದರೆ ತಿಳಿಸಿ.